ಎರಡನೆಯ ದೊಡ್ಡವರು

ಮಲ್ಲಿಕಾರ್ಜುನಯ್ಯನವರಿಗೆ ಹಣದ ಆಸೆ ಇರಲಿಲ್ಲ, ಏಕೆಂದರೆ ಹಣ ಇತ್ತು. ತಿಪಟೂರಿನಲ್ಲಿ ಅಪ್ಪನ ಕಾಲದ ಕೊಬ್ಬರಿ ಮಂಡಿ, ಬಿಳಿಗೆರೆಯ ಹಾದಿಯಲ್ಲಿ ತೋಟ, ತೋಟದ ಮನೆಯ ಅಟ್ಟದ ತುಂಬ ಕಾಯಿ. ಇಲ್ಲದೆ ಇದ್ದದ್ದು ಹುದ್ದೆಯೊಂದೇ. ಯಾವ ಸಮಾರಂಭಕ್ಕೆ ಹೋದರೂ ಮೈಕಿನವನು ಅಧ್ಯಕ್ಷರೇ, ಉಪಾಧ್ಯಕ್ಷರೇ, ಖಜಾಂಚಿಗಳೇ ಎಂದು ಒಬ್ಬೊಬ್ಬರನ್ನೇ ಕರೆದು, ಕೊನೆಗೆ "ಮತ್ತು ಬಂದಿರತಕ್ಕಂಥ ಎಲ್ಲರೇ" ಎನ್ನುತ್ತಿದ್ದ. ಮಲ್ಲಿಕಾರ್ಜುನಯ್ಯನವರು ಐವತ್ತು ದಾಟುವವರೆಗೂ ಆ ಎಲ್ಲರ ನಡುವೆಯೇ ಕೂತು ಬಂದಿದ್ದರು.

ನನ್ನ ಹೆಸರು ಸೂರ್ಯಪ್ರಕಾಶ್. ಅವರ ಮಂಡಿಯ ಪಕ್ಕದ ಝೆರಾಕ್ಸ್ ಅಂಗಡಿ ನನ್ನದು. ನನ್ನ ಕಿವಿಗೆ ಒಂದು ಪ್ರತಿ ಬಿದ್ದರೆ ಬಾಯಿಂದ ನೂರು ಪ್ರತಿ ಬರುತ್ತದೆ ಎಂದು ಊರಿನವರು ಆಡಿಕೊಳ್ಳುತ್ತಾರೆ. ಅದು ಹೊಟ್ಟೆಕಿಚ್ಚಿನ ಮಾತು. ಆದರೆ ಈ ಕಥೆಗೆ ಆ ಅಪವಾದ ಬೇಕಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಮ್ಮಲ್ಲಿ ಎಳನೀರು ಚಾರಣ ಕೂಟ ಎಂದು ಒಂದಿದೆ. ಭಾನುವಾರ ಬೆಳಿಗ್ಗೆ ತೋಟ, ಕೆರೆಯ ಏರಿ, ಗುಡ್ಡ ಎಂದು ಸುತ್ತಾಡಿ, ಕೊನೆಗೆ ಎಲ್ಲರೂ ಎಳನೀರು ಕುಡಿದು ಮನೆಗೆ ಹೋಗುವುದು. ಶಾಲೆಯ ಡ್ರಿಲ್ ಮೇಷ್ಟ್ರು ದಯಾನಂದ್ ಅದರ ನಾಯಕರು. ಮಕ್ಕಳು ಬರುತ್ತಾರೆ, ಮಕ್ಕಳ ಹಿಂದೆ ತಾತಂದಿರು ಬರುತ್ತಾರೆ. ಬಿಳಿಗೆರೆಯ ಬೋರಮ್ಮನ ಮಗ ತಿಮ್ಮರಾಜುವೂ ಬರುತ್ತಾನೆ.

ತಿಮ್ಮರಾಜುಗೆ ಮೂವತ್ತು ವರ್ಷ. ಆಳು ಎತ್ತರ, ಮೈಯಲ್ಲಿ ಕಸುವಿದೆ. ಬುದ್ಧಿ ಮಾತ್ರ ಎಳೆ ಮಕ್ಕಳದ್ದು ಎಂದು ಊರವರು ಅನ್ನುತ್ತಾರೆ. ಮಾತು ಅವನ ಬಾಯಿಗೆ ಬರುವುದು ನಿಧಾನ, ಅಷ್ಟು ಹೊತ್ತು ಕಾಯುವ ಪುರಸೊತ್ತು ಯಾರಿಗೂ ಇಲ್ಲ. ವಾರವಿಡೀ ತನ್ನ ಮನೆಯ ಕೊಟ್ಟಿಗೆಯಲ್ಲಿ ದನದ ಜೊತೆ ಇರುವವನಿಗೆ ಭಾನುವಾರವೆಂದರೆ ಹಬ್ಬ. ಶನಿವಾರ ಸಂಜೆಯೇ ಷರ್ಟು ಹಾಕಿಕೊಂಡು ಕೂತಿರುತ್ತಾನೆ. "ನನ್ ಮಗನ್ ಮೈ ಮೇಲೆ ಒಂದ್ ಗಾಯ ಕಂಡ್ರೂ ನಾನ್ ಕಳ್ಸಲ್ಲ ಕಣ್ರಪ್ಪ" ಎಂದು ಬೋರಮ್ಮ ಮೊದಲ ದಿನವೇ ಎಚ್ಚರಿಸಿದ್ದಳು. ಇರುವವನೊಬ್ಬನೇ ಮಗ.

ಈ ಕೂಟಕ್ಕೆ ರಾಜ್ಯ ಒಕ್ಕೂಟದಿಂದ ಒಂದು ಸುತ್ತೋಲೆ ಬಂತು. ಮಕ್ಕಳೂ ದುರ್ಬಲ ವಯಸ್ಕರೂ ಇರುವ ಪ್ರತಿ ಕೂಟವೂ ಅವರ ಸುರಕ್ಷತೆಗೆ ಒಬ್ಬ ಅಧಿಕಾರಿಯನ್ನು ನೇಮಿಸಬೇಕು, ಇಲ್ಲವಾದರೆ ಚಳಿಗಾಲದ ಶಿಬಿರಕ್ಕೆ ಪ್ರವೇಶವಿಲ್ಲ. ಸಭೆ ಸೇರಿತು. ಯಾರಾಗುತ್ತೀರಿ ಎಂದು ದಯಾನಂದ್ ಕೇಳಿದಾಗ ಎಲ್ಲರೂ ಫ್ಯಾನು ನೋಡಿದರು.

"ಕಿತ್ತಳೆ ಬಣ್ಣದ ಜಾಕೆಟ್ ಕೊಡ್ತಾರಂತೆ. ವಿಷಲ್ಲೂ ಕೊಡ್ತಾರೆ" ಎಂದರು ದಯಾನಂದ್, ಸುಮ್ಮನೆ.

"ಹುದ್ದೆ ಹೆಸ್ರೇನು?" ಎಂದರು ಹಿಂದಿನ ಸಾಲಿನಲ್ಲಿ ಕೂತಿದ್ದ ಮಲ್ಲಿಕಾರ್ಜುನಯ್ಯ.

"ಮಕ್ಕಳ ಹಾಗೂ ದುರ್ಬಲ ವಯಸ್ಕರ ರಕ್ಷಣಾಧಿಕಾರಿ."

ಮಲ್ಲಿಕಾರ್ಜುನಯ್ಯನವರು ಅದನ್ನು ಮನಸ್ಸಿನಲ್ಲೇ ಮೈಕಿನಲ್ಲಿ ಕೇಳಿಸಿಕೊಂಡರು. ಖಜಾಂಚಿಗಿಂತ ಉದ್ದವಿತ್ತು. ಒಪ್ಪಿಕೊಂಡರು.

ಬೆಂಗಳೂರಿನಲ್ಲಿ ಒಂದು ದಿನದ ತರಬೇತಿ. ಬೆಳಗಿನ ಹೊತ್ತು ಮಾಡಬಾರದ್ದನ್ನೆಲ್ಲ ಹೇಳಿಕೊಟ್ಟರು. ದೊಡ್ಡವರೊಬ್ಬರೇ ಬೇರೆಯವರ ಮಗುವಿನ ಜೊತೆ ಮರೆಯಲ್ಲಿರಬಾರದು, ಇನ್ನೊಬ್ಬ ದೊಡ್ಡವರು ಇರಬೇಕು. ಕೇಳದೆ ಮುಟ್ಟಬಾರದು. ಕೇಳದೆ ಫೋಟೋ ತೆಗೆಯಬಾರದು. ಕಾರಣವಿಲ್ಲದೆ ಮಕ್ಕಳಿಗೆ ತಿಂಡಿ, ಉಡುಗೊರೆ ಕೊಡುವ ದೊಡ್ಡವರ ಮೇಲೆ ಒಂದು ಕಣ್ಣಿರಬೇಕು. ಮಧ್ಯಾಹ್ನ ಊಟವಾದ ಮೇಲೆ ಮಾಡಬೇಕಾದ್ದನ್ನು ಹೇಳಿಕೊಡುವವರಿದ್ದರು, ಮುಖ್ಯವಾಗಿ ಮಕ್ಕಳ ಮಾತು ಕೇಳುವುದು ಹೇಗೆ ಎಂದು. ಆದರೆ ಮಲ್ಲಿಕಾರ್ಜುನಯ್ಯನವರು ಊಟ ಮುಗಿಸಿ ಚಿಕ್ಕಪೇಟೆಯ ಕೊಬ್ಬರಿ ಗಿರಾಕಿಯೊಬ್ಬರನ್ನು ಮಾತಾಡಿಸಲು ಹೋದವರು, ಅಲ್ಲಿಂದ ಹಾಗೆಯೇ ರೈಲು ಹತ್ತಿಬಿಟ್ಟರು. ಹೀಗೆ ನಮ್ಮ ಊರಿಗೆ ಅರ್ಧ ರಕ್ಷಣಾಧಿಕಾರಿ ಬಂದರು.

ಬೋರ್ಡು ನಾನೇ ಮಾಡಿಸಿಕೊಟ್ಟೆ. ಮಂಡಿಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿರಬೇಕು ಎಂದರು, ಹಾಗೆಯೇ ಆಯಿತು. ಮಾರನೆಯ ದಿನವೇ ಜನ ಬರತೊಡಗಿದರು. ಮೊದಲು ಬಂದವನು ಕೂಟದ ಕೆಂಚಪ್ಪ, ನಾವು ನಡಿಗೆ ಶುರು ಮಾಡುವ ತೋಟದ ಯಜಮಾನ.

"ಅಣ್ಣ, ನಾನೂ ದುರ್ಬಲ ವಯಸ್ಕನೇ ಕಣಣ್ಣ. ಮನೇಲಿ ನನ್ ಮಾತು ನಡ್ಯಲ್ಲ. ರಕ್ಷಣೆ ಕೊಡು."

"ಯಾರಿಂದ?"

"ಅವ್ಳ್ ಹೆಸ್ರು ಹೇಳಕ್ಕೂ ಹೆದ್ರಿಕೆ. ಅಷ್ಟು ದುರ್ಬಲ."

ಮಲ್ಲಿಕಾರ್ಜುನಯ್ಯ ಗಂಭೀರವಾಗಿ ಬರೆದುಕೊಂಡರು. ಸೊಸೆ ಕಾಫಿಗೆ ಸಕ್ಕರೆ ಕಡಿಮೆ ಹಾಕುತ್ತಾಳೆ ಎಂದು ಒಬ್ಬ ಅಜ್ಜಿ ಬಂದರು. ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ ಎಂದು ಸೊಸೆ ಹಿಂದೆಯೇ ಬಂದಳು. ಇಬ್ಬರನ್ನೂ ಸಮಾಧಾನ ಮಾಡುವಷ್ಟರಲ್ಲಿ ಮಂಡಿಗೆ ಕಾಯಿ ತಂದಿದ್ದ ರೈತನೊಬ್ಬ ಬೇರೆ ಮಂಡಿಗೆ ಹೋಗಿದ್ದ. ಮಲ್ಲಿಕಾರ್ಜುನಯ್ಯನವರ ಹೆಂಡತಿ ಗಿರಿಜಾಂಬಿಕಾ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿ, "ಊರಿನ್ ದುರ್ಬಲರೆಲ್ಲ ಮುಗಿದ್ಮೇಲೆ ಮನೆಗೆ ಬನ್ನಿ, ರೊಟ್ಟಿ ಆರೋಗ್ತಾ ಇದೆ" ಎಂದು ಒಳಗೆ ಹೋದರು.

ಮೊದಲ ಭಾನುವಾರ ಬಂತು. ಮಲ್ಲಿಕಾರ್ಜುನಯ್ಯನವರು ಜಾಕೆಟ್ಟು, ಸೀಟಿ, ಕೈಮೈಕು, ಔಷಧಿ ಪೆಟ್ಟಿಗೆ, ಹಗ್ಗ, ದೊಡ್ಡ ಛತ್ರಿ ಮತ್ತು ಒಂದು ಕಬ್ಬಿಣದ ಮಡಿಸುವ ಕುರ್ಚಿಯೊಂದಿಗೆ ಕೆಂಚಪ್ಪನ ತೋಟದ ಗೇಟಿನಲ್ಲಿ ನಿಂತಿದ್ದರು. ಅಧಿಕಾರಿ ನಿಂತುಕೊಂಡು ಮೇಲ್ವಿಚಾರಣೆ ಮಾಡಿದ್ದನ್ನು ಅವರು ಎಲ್ಲಿಯೂ ನೋಡಿರಲಿಲ್ಲ, ಆದ್ದರಿಂದ ಕುರ್ಚಿ.

ಅಷ್ಟರಲ್ಲಿ ಕಾಡಸಿದ್ದಪ್ಪನವರು ಟಿವಿಎಸ್ ಮೇಲೆ ಮೊಮ್ಮಗಳು ಇಂಪನಾಳನ್ನು ಕೂರಿಸಿಕೊಂಡು ಬಂದರು. ಸೀಟಿ ಕೂಗಿತು.

"ನಿಲ್ಲಿ. ದೊಡ್ಡವ್ರು ಒಬ್ರು, ಮಗು ಒಂದು, ಗಾಡಿ ಒಂದು. ನಿಯಮದಲ್ಲಿಲ್ಲ."

"ನನ್ ಮೊಮ್ಮಗ್ಳು ಕಣಯ್ಯಾ."

"ಅದಕ್ಕೆ ದಾಖಲೆ?"

"ಮೂಗು ನೋಡಯ್ಯಾ."

ಎಲ್ಲರೂ ನೋಡಿದೆವು. ಮೂಗು ಅದೇ. ಆದರೂ ಹಿಂತಿರುಗುವಾಗ ಎರಡನೆಯ ದೊಡ್ಡವರು ಬೇಕೇ ಬೇಕು ಎಂದು ಮಲ್ಲಿಕಾರ್ಜುನಯ್ಯ ಹಟ ಹಿಡಿದು ಕೆಂಚಪ್ಪನನ್ನೂ ಅದೇ ಟಿವಿಎಸ್ ಮೇಲೆ ಹತ್ತಿಸಿದರು. ಒಂದು ಗಾಡಿಯಲ್ಲಿ ಮೂವರನ್ನು ಕಂಡ ಪೊಲೀಸಿನವರು ಬಸ್ ನಿಲ್ದಾಣದ ಹತ್ತಿರ ಕೈ ಅಡ್ಡ ಹಿಡಿದರು. ಮಗುವಿನ ರಕ್ಷಣೆಗಾಗಿ ಮೂರು ಜನ ಕೂತಿದ್ದೇವೆ ಎಂದು ಕಾಡಸಿದ್ದಪ್ಪನವರು ವಿವರಿಸಿದರಂತೆ. ಅದರಿಂದ ದಂಡವೇನೂ ಕಡಿಮೆಯಾಗಲಿಲ್ಲ.

ನಡಿಗೆಯ ವಿಚಾರ ಕೇಳಬೇಡಿ. ನಮ್ಮ ಕಡೆ ಕೊಬ್ಬರಿ ಆಗಬೇಕಾದ ಕಾಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಯಾರೂ ಮುಟ್ಟುವುದಿಲ್ಲ, ಬಿಸಿಲು ತೋರಿಸುವುದಿಲ್ಲ, ನೀರು ಸೋಕಿಸುವುದಿಲ್ಲ. ಮಲ್ಲಿಕಾರ್ಜುನಯ್ಯನವರಿಗೆ ಗೊತ್ತಿದ್ದ ರಕ್ಷಣೆ ಅದೊಂದೇ. ಮಕ್ಕಳಿಗೆ ಹಗ್ಗ ಹಿಡಿಸಿ ಸಾಲಾಗಿ ನಿಲ್ಲಿಸಿದರು. ಬಿಸಿಲಿಗೆ ಬಿಡಲಿಲ್ಲ, ಕಾಲುವೆಗೆ ಕಾಲಿಡಲು ಬಿಡಲಿಲ್ಲ, ಕಲ್ಲು ಹತ್ತಲು ಬಿಡಲಿಲ್ಲ. ಬೆಳಿಗ್ಗೆಯಿಂದ ನಡೆದೂ ನಡೆದೂ ಕೂಟ ಕೆಂಚಪ್ಪನ ತೋಟದ ಆಚೆ ಬೇಲಿಯನ್ನು ಮುಟ್ಟಿತು.

ಈ ಗಲಾಟೆಯಲ್ಲಿ ಯಾರೂ ಗಮನಿಸದ ಒಂದು ಸಂಗತಿ ಇತ್ತು. ಕೂಟದವರೆಲ್ಲರ ಚೀಲಗಳೂ ತಿಮ್ಮರಾಜುವಿನ ಹೆಗಲ ಮೇಲೆ. ಇದು ಹಳೆಯ ಪದ್ಧತಿ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. "ತಿಮ್ಮರಾಜು, ಇದೊಂದ್ ಹಿಡ್ಕೊಳಪ್ಪ, ನೀನ್ ಆನೆ ಇದ್ದಂಗಿದೀಯ" ಎಂದು ಪ್ರೀತಿಯಿಂದಲೇ ಕೊಡುತ್ತಿದ್ದರು, ಅವನು ಊಂ ಎಂದು ತೆಗೆದುಕೊಳ್ಳುತ್ತಿದ್ದ. ಈ ಭಾನುವಾರ ಅದರ ಮೇಲೆ ಪೆಟ್ಟಿಗೆ, ಛತ್ರಿ ಬಂದವು. ಕೊನೆಗೆ ಮಲ್ಲಿಕಾರ್ಜುನಯ್ಯ ಕಬ್ಬಿಣದ ಕುರ್ಚಿಯನ್ನೂ ಪಟ್ಟಿ ಕಟ್ಟಿ ಅವನ ಎಡಭುಜಕ್ಕೆ ತಗುಲಿಸಿ, ದುರ್ಬಲ ವಯಸ್ಕರು ಹುಷಾರಾಗಿ ನಡೆಯಬೇಕು ಎಂದು ಕೈಮೈಕಿನಲ್ಲಿ ಹೇಳಿದರು.

ಎಳನೀರು ಕುಡಿಯುವಾಗ ತಿಮ್ಮರಾಜುವಿನ ಹೆಗಲಿನ ಟವೆಲು ಜಾರಿತು, ಷರ್ಟಿನ ಕಾಲರೂ ಸರಿಯಿತು. ಪಕ್ಕದಲ್ಲಿದ್ದ ಇಂಪನಾ ನೋಡಿದಳು. ಕುರ್ಚಿಯ ಮತ್ತು ಚೀಲಗಳ ಪಟ್ಟಿ ಉಜ್ಜಿದ ಜಾಗದಲ್ಲಿ ಚರ್ಮ ಕಿತ್ತು ಕೆಂಪಗೆ ಬಾಸುಂಡೆ ಎದ್ದಿತ್ತು. ತಿಮ್ಮರಾಜು ಗಾಬರಿಯಿಂದ ಟವೆಲು ಎಳೆದುಕೊಂಡ. ಬಹಳ ಹೊತ್ತಿನ ಮೇಲೆ ಅವನಿಗೆ ಮಾತು ಬಂತು. "ಅಮ್ಮಂಗೆ ಹೇಳ್ಬೇಡ. ಕಳ್ಸಲ್ಲ."

ಇಂಪನಾಗೆ ಹತ್ತು ವರ್ಷ. ಅಮ್ಮನಿಗೆ ಹೇಳಿದರೆ ತಿಮ್ಮಣ್ಣನ ಭಾನುವಾರ ಹೋಗುತ್ತದೆ, ಹೇಳದಿದ್ದರೆ ತಿಮ್ಮಣ್ಣನ ಭುಜ ಹೋಗುತ್ತದೆ. ಯೋಚಿಸಿ ನೋಡಿದಳು. ಇಂಥದ್ದಕ್ಕೇ ಅಲ್ಲವೇ ಅಷ್ಟು ದೊಡ್ಡ ಬೋರ್ಡು ಹಾಕಿಕೊಂಡು ಒಬ್ಬರು ಕೂತಿರುವುದು? ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ಗೊತ್ತಿದ್ದಿದ್ದರೆ ಊರಿಗೇ ಗೊತ್ತಿರುತ್ತಿತ್ತು.

ಸೋಮವಾರ ಶಾಲೆ ಬಿಟ್ಟ ಮೇಲೆ ಇಂಪನಾ ಮಂಡಿಗೆ ಬಂದಳು. "ಅಂಕಲ್, ನಿಮ್ಗೊಂದ್ ವಿಷ್ಯ ಹೇಳ್ಬೇಕು."

ಮಲ್ಲಿಕಾರ್ಜುನಯ್ಯ ಸುತ್ತ ನೋಡಿದರು. ಹಮಾಲಿಗಳು ಟೀ ಕುಡಿಯಲು ಹೋಗಿದ್ದರು. ಮಂಡಿಯಲ್ಲಿ ತಾವೊಬ್ಬರು, ಮಗುವೊಂದು, ಉಳಿದದ್ದೆಲ್ಲ ಕೊಬ್ಬರಿ. ಗಾದಿಯಿಂದ ಎದ್ದವರೇ ಬೀದಿಗೆ ನೆಗೆದು, "ಸೂರಿ, ಓಡ್ ಬಾರಯ್ಯಾ, ಎರಡ್ನೇ ದೊಡ್ಡೋರು ಬೇಕು" ಎಂದು ಕೂಗಿಕೊಂಡರು. ಹಾವು ಹೊಕ್ಕಿತೋ ಏನೋ ಎಂದು ನಾನು ಕೋಲು ಹಿಡಿದು ಓಡಿದೆ. ಒಳಗೆ ಇಂಪನಾ ಮೂಟೆಯ ಮೇಲೆ ಕಾಲು ಆಡಿಸುತ್ತ ಕೂತಿದ್ದಳು.

"ಈಗ ಹೇಳಮ್ಮ" ಎಂದರು ಮಲ್ಲಿಕಾರ್ಜುನಯ್ಯ.

ಅವಳು ನನ್ನ ಮುಖ ನೋಡಿದಳು, ಕೋಲು ನೋಡಿದಳು. "ಏನಿಲ್ಲ ಅಂಕಲ್. ಇನ್ನೊಂದಿನ ಬರ್ತೀನಿ" ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.

ಬುಧವಾರ ಶಾಲೆಯ ಗೇಟಿನ ಹತ್ತಿರ ಮತ್ತೆ ಸಿಕ್ಕಿದಳು. ಈ ಸಲ ಮಲ್ಲಿಕಾರ್ಜುನಯ್ಯ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಸೀಟಿ ಊದಿದರು. ದಯಾನಂದ್ ಬಂದರು, ಸೌತೆಕಾಯಿ ಮಾರುವ ಹೆಂಗಸು ಬಂದಳು, ಒಂದು ಆಟೋ ನಿಂತಿತು. ಇಷ್ಟು ಜನರ ಮುಂದೆ ಇಂಪನಾ ಸೌತೆಕಾಯಿಯ ಬೆಲೆ ಕೇಳಿ ಮನೆಗೆ ಹೋದಳು.

ಇಂಪನಾ ರಕ್ಷಣಾಧಿಕಾರಿಗೆ ಏನನ್ನೋ ಹೇಳಬೇಕೆಂದಿದ್ದಾಳೆ, ಹೇಳುತ್ತಿಲ್ಲ ಎಂಬ ಸುದ್ದಿ ಅಷ್ಟರಲ್ಲಿ ಊರಿನಲ್ಲಿ ಹರಡಿತ್ತು. ಹೇಗೆ ಹರಡಿತೋ ನಾನು ಕಾಣೆ. ನಾನು ಹೇಳಿದ್ದು ಅಂಗಡಿಗೆ ಬಂದವರಿಗೆ ಮಾತ್ರ.

ಸುದ್ದಿ ಕೇಳಿದವರೆಲ್ಲರೂ ತಮ್ಮ ತಮ್ಮ ಹೆಗಲು ಮುಟ್ಟಿ ನೋಡಿಕೊಂಡರು. ಕಾಡಸಿದ್ದಪ್ಪನವರಿಗೂ ಸಕ್ಕರೆ ಕಾಯಿಲೆ ಇದೆ. ಮೊಮ್ಮಗಳನ್ನು ಶಾಲೆಗೆ ಬಿಡಲು ಹೋಗುವಾಗ ದಾರಿಯಲ್ಲಿ ಮೈಸೂರು ಪಾಕು ತಿನ್ನುವ ಅಭ್ಯಾಸ ಅವರದು, ಕಂಡವಳು ಅವಳೊಬ್ಬಳೇ. ದಯಾನಂದ್ ಹಿಂದಿನ ತಿಂಗಳು ಗುಡ್ಡದಲ್ಲಿ ದಾರಿ ತಪ್ಪಿ ಕುರಿ ಕಾಯುವವನನ್ನು ಕೇಳಿ ಬಂದು, ಹೊಸ ಮಾರ್ಗ ಕಂಡುಹಿಡಿದೆ ಎಂದು ಚಪ್ಪಾಳೆ ಹೊಡೆಸಿಕೊಂಡಿದ್ದರು. ಕೇಳುವಾಗ ಪಕ್ಕದಲ್ಲಿದ್ದವಳು ಇಂಪನಾ. ಕೂಟಕ್ಕೆ ತನ್ನ ಮರದ ಎಳನೀರು ಎಂದು ಕೆಂಚಪ್ಪ ಕೊಡುತ್ತಿದ್ದದ್ದು ಬೇಲಿಯಾಚೆಯ ಮರದ್ದು. ಅವನು ಬೇಲಿ ದಾಟುವಾಗಲೂ ಆ ಹುಡುಗಿ ಅಲ್ಲೇ ಇದ್ದಳು. ಮಕ್ಕಳಿಗೆ ಏನೂ ಕಾಣುವುದಿಲ್ಲ ಎಂದು ನಂಬಿ ನಾವು ಬದುಕುತ್ತಿರುತ್ತೇವೆ.

ಗುರುವಾರದಿಂದ ಇಂಪನಾಳ ಭಾಗ್ಯ ತೆರೆಯಿತು. ತಾತ ಅರ್ಧ ಕಿಲೋ ಮೈಸೂರು ಪಾಕು ತಂದುಕೊಟ್ಟು, "ನಾವಿಬ್ರೂ ಒಂದೇ ಅಲ್ವೇನವ್ವ" ಎಂದರು. ದಯಾನಂದ್ ಷಟಲ್ ಬ್ಯಾಟು ಕೊಟ್ಟರು. ಕೆಂಚಪ್ಪ ನಿಜವಾಗಿಯೂ ತನ್ನದೇ ಮರದ ಎಳನೀರಿನ ಗೊನೆಯೊಂದನ್ನು ಮನೆಗೆ ಹೊತ್ತು ಹಾಕಿದ. ನಾನೂ ಒಂದು ಜಾಮಿಟ್ರಿ ಬಾಕ್ಸ್ ಕೊಟ್ಟೆ. ಯಾಕೆ ಎಂದು ಕೇಳಬೇಡಿ. ಇಂಪನಾ ಎಲ್ಲವನ್ನೂ ತೆಗೆದುಕೊಂಡಳು, ಬೇಡವೆನ್ನಲು ಅವಳೇನೂ ಸನ್ಯಾಸಿಯಲ್ಲ.

ಇದು ಮಲ್ಲಿಕಾರ್ಜುನಯ್ಯನವರ ಕಣ್ಣಿಗೆ ಬಿತ್ತು. ಕಾರಣವಿಲ್ಲದೆ ಉಡುಗೊರೆ ಕೊಡುವ ದೊಡ್ಡವರ ಮೇಲೆ ಕಣ್ಣಿಡಬೇಕು ಎಂದು ಬೆಂಗಳೂರಿನಲ್ಲಿ ಹೇಳಿದ್ದರಲ್ಲ, ಇಡುತ್ತ ಹೋದರೆ ಕಣ್ಣು ಸಾಲದಾಯಿತು. ಶುಕ್ರವಾರ ಅವರು ನನ್ನ ಅಂಗಡಿಗೆ ಬಂದು ಬಾಗಿಲು ಅರ್ಧ ಎಳೆದರು.

"ಸೂರಿ, ಊರು ಕೆಟ್ಟೋಗಿದೆ ಕಣಯ್ಯಾ. ದಯಾನಂದ್ ಮೇಲೆ ಅನುಮಾನ. ಕೆಂಚನ್ ಮೇಲೆ ಅನುಮಾನ. ಸ್ವಂತ ತಾತ, ಆತನ್ ಮೇಲೂ ಅನುಮಾನ. ಉಳ್ದಿರೋರು ನಾನು ನೀನು ಇಬ್ರೇ."

"ಹೌದು ಬಿಡಿ" ಎಂದೆ.

ಅಷ್ಟರಲ್ಲಿ ಇಂಪನಾ ಬಂದು, "ಸೂರಿ ಅಂಕಲ್, ಜಾಮಿಟ್ರಿ ಬಾಕ್ಸಲ್ಲಿ ಕಂಪಾಸ್ ಇಲ್ಲ" ಎಂದಳು.

ಮಲ್ಲಿಕಾರ್ಜುನಯ್ಯ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಬಾಗಿಲು ಪೂರ್ತಿ ತೆರೆದು ಹೊರಗೆ ಹೋದರು. ಅಂದಿನಿಂದ ಊರಿನಲ್ಲಿ ರಕ್ಷಣಾಧಿಕಾರಿಗಳು ಒಂಟಿಯಾದರು.

ಶನಿವಾರ ಸಂಜೆ ನಾನು ಸಮಜಾಯಿಷಿ ಹೇಳಲು ಅವರ ಮನೆಗೆ ಹೋದೆ. ಮಲ್ಲಿಕಾರ್ಜುನಯ್ಯ ಜಗುಲಿಯಲ್ಲಿ ಕೂತು, ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಮನಸ್ಸು ಕೆಟ್ಟಾಗ ಅವರಿಗೆ ಸಮಾಧಾನ ಕೊಡುವ ಕೆಲಸ ಅದು. ಒಳಗೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ ಎನ್ನುತ್ತದೆ, ಇಲ್ಲದಿದ್ದರೆ ಇಲ್ಲ.

"ಊರೇ ಸೇರಿ ಆ ಮಗೂಗೆ ಏನೋ ಮಾಡಿದೆ. ಕೇಳಿದ್ರೆ ಹೇಳಲ್ಲ ಅಂತಾಳೆ" ಎಂದರು, ನನಗಲ್ಲ, ಕಾಯಿಗೆ.

ಗಿರಿಜಾಂಬಿಕಾ ಕಾಫಿ ತಂದಿಟ್ಟರು. "ನೀವು ಕೇಳಿದ್ದು ಯಾವಾಗ? ಆ ಮಗು ಬಾಯಿ ತೆಗ್ದಾಗೆಲ್ಲ ಸೀಟಿ ಊದಿ ಸಂತೆ ಸೇರ್ಸಿದೀರ."

"ನಿಯಮ ಕಣೇ. ಎರಡ್ನೇ ದೊಡ್ಡೋರು ಇರ್ಬೇಕು."

"ಇರ್ಲಿ. ಆದ್ರೆ ಯಾರು ಅಂತ ಆರಿಸ್ಬೇಕಾದೋಳು ಅವ್ಳಲ್ವ? ಹೇಳೋಳು ಅವ್ಳು. ಕಾಯಿ ಒಳಗೇನಿದೆ ಅಂತ ತಿಳ್ಕೊಳಕ್ಕೆ ನೀವು ಅದನ್ನ ಕಿವೀಗಿಟ್ಕೊಂಡು ಉಸ್ರು ಬಿಗಿ ಹಿಡ್ಕೋತೀರ. ಮಗೂ ಮಾತ್ ಕೇಳಕ್ಕೆ ಮೈಕ್ ಹಿಡ್ಕೊಂಡ್ ನಿಂತ್ರೆ ಆಗುತ್ತಾ?"

ಮಲ್ಲಿಕಾರ್ಜುನಯ್ಯ ಕೈಯಲ್ಲಿದ್ದ ಕಾಯನ್ನು ಮತ್ತೆ ಅಲ್ಲಾಡಿಸಲಿಲ್ಲ.

ಭಾನುವಾರ ಹುಳಿಯಾರು ದಾರಿಯ ಗುಡ್ಡಕ್ಕೆ ಹೋಗುವುದಿತ್ತು. ಗುಡ್ಡದ ಬುಡಕ್ಕೆ ಹೋಗಿ ನೋಡಿದರೆ ಕೂಟಕ್ಕಿಂತ ನೋಡುವವರೇ ಹೆಚ್ಚು. ಇಂಪನಾ ಇವತ್ತು ಹೇಳುತ್ತಾಳೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರು. ನಾನಲ್ಲ, ನಾನು ಬರೀ ಹೌದಂತೆ ಎಂದಿದ್ದೆ. ಸುದ್ದಿ ಕೇಳಿ ಬೋರಮ್ಮನೂ ಮಗನ ಜೊತೆ ಬಸ್ಸು ಹತ್ತಿ ಬಂದಿದ್ದಳು. ತಿಮ್ಮರಾಜು ಆ ಸೆಖೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿ, ಮೇಲೆ ಟವೆಲು ಹೊದ್ದು, ತಾಯಿಯಿಂದ ದೂರ ದೂರ ನಿಲ್ಲುತ್ತಿದ್ದ. ಅಷ್ಟರಲ್ಲಾಗಲೇ ಅವನ ಕಾಲ ಬಳಿ ಎಲ್ಲರ ಚೀಲಗಳೂ ಬಂದು ಬಿದ್ದಿದ್ದವು, ಮೇಲೆ ಕಬ್ಬಿಣದ ಕುರ್ಚಿ.

"ಇಲ್ಲೇ ಎಲ್ರ ಮುಂದೆ ಹೇಳ್ಬಿಡ್ಲಿ" ಎಂದರು ದಯಾನಂದ್. ಹೇಳುವಾಗ ಬೆವರು ಒರೆಸಿಕೊಂಡರು.

ಇಂಪನಾ ಬೋರಮ್ಮನನ್ನು ನೋಡಿದಳು, ತಿಮ್ಮರಾಜುವನ್ನು ನೋಡಿದಳು, ತುಟಿ ಬಿಗಿದುಕೊಂಡು ನೆಲ ನೋಡಿದಳು. ಕಣ್ಣಿನಲ್ಲಿ ನೀರು ತುಂಬಿತ್ತು. ಮಗು ಆ ಒಂದು ವಾರ ಎಂಥ ಭಾರ ಹೊತ್ತಿತ್ತೋ, ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಮಲ್ಲಿಕಾರ್ಜುನಯ್ಯ ಸೀಟಿಯನ್ನು ಬಾಯಿಗೆ ಇಟ್ಟರು. ಊದಲಿಲ್ಲ. ಕತ್ತಿನಿಂದ ತೆಗೆದು ಜೇಬಿಗೆ ಹಾಕಿಕೊಂಡರು. "ಇಂಪನಾ, ಎರಡ್ನೇ ದೊಡ್ಡೋರು ಯಾರ್ ಬೇಕೋ ನೀನೇ ಹೇಳಮ್ಮ" ಎಂದರು.

"ತಿಮ್ಮಣ್ಣ" ಎಂದಳು.

ಜನ ನಕ್ಕರು. "ಲೇ ಪುಟ್ಟಿ, ದೊಡ್ಡೋರು ಬೇಕು ಕಣೇ" ಎಂದ ಕೆಂಚಪ್ಪ.

"ತಿಮ್ಮಣ್ಣಂಗೆ ಮೂವತ್ ವರ್ಷ. ದೊಡ್ಡೋರಲ್ವಾ?"

ಮಲ್ಲಿಕಾರ್ಜುನಯ್ಯ ತಮ್ಮ ಬೋರ್ಡನ್ನು ನೆನೆಸಿಕೊಂಡರು. ದುರ್ಬಲ ವಯಸ್ಕ ಎಂದು ತಾವೇ ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಮೊದಲ ಪದವನ್ನು ಊರೆಲ್ಲ ಓದಿತ್ತು, ಅವರೂ ಓದಿದ್ದರು. ಎರಡನೆಯದನ್ನು ಯಾರೂ ಓದಿರಲಿಲ್ಲ. "ಹೌದಲ್ಲ" ಎಂದರು ಮೆಲ್ಲಗೆ. ಆಮೇಲೆ ತಿಮ್ಮರಾಜುವಿನ ಕಡೆ ತಿರುಗಿ, "ಬತ್ತೀಯೇನಪ್ಪ?" ಎಂದು ಕೇಳಿ, ಉತ್ತರ ಬರುವ ತನಕ ಕಾದರು. ಉತ್ತರ ಬಂತು. "ಬತ್ತೀನಿ."

ಮೂವರೂ ಆಚೆಯ ಹೊಂಗೆ ಮರದ ಕೆಳಗೆ ಹೋಗಿ ಕೂತರು. ಎಲ್ಲರಿಗೂ ಕಾಣುತ್ತಿತ್ತು, ಯಾರಿಗೂ ಕೇಳುತ್ತಿರಲಿಲ್ಲ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಇಂಪನಾ ಮಾತಾಡುತ್ತಿದ್ದಳು. ಮಲ್ಲಿಕಾರ್ಜುನಯ್ಯ ತಲೆ ವಾಲಿಸಿ, ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಆಮೇಲೆ ತಿಮ್ಮರಾಜುವನ್ನು ಏನೋ ಕೇಳಿದರು, ಅವನು ತಲೆಯಾಡಿಸಿ ಟವೆಲು ಸರಿಸಿದ. ಮಲ್ಲಿಕಾರ್ಜುನಯ್ಯ ನೋಡಿದರು, ಮುಟ್ಟಲಿಲ್ಲ.

ಈ ಕಡೆ ಆರೋಪಿಗಳ ಸ್ಥಿತಿ ಕೆಟ್ಟಿತ್ತು. ಅವರು ಎದ್ದು ಬರುವುದನ್ನು ಕಂಡೊಡನೆ ಕಾಡಸಿದ್ದಪ್ಪನವರ ಧೈರ್ಯ ಕುಸಿಯಿತು. "ದಿನಾ ಎರಡೇ ಎರಡು ಮೈಸೂರ್ ಪಾಕು ಕಣಯ್ಯಾ ನಾನ್ ತಿಂದಿದ್ದು. ಮನೇಲಿ ಹೇಳ್ಬೇಡ."

"ಕುರಿಯೋನ್ ಹತ್ರ ದಾರಿ ಕೇಳೋದು ತಪ್ಪಲ್ಲ ಸಾರ್" ಎಂದರು ದಯಾನಂದ್.

"ಬೇಲಿ ಆಚೆ ಮರ ನಮ್ ಅಣ್ಣಂದು, ಭಾಗ ಇನ್ನೂ ಆಗಿಲ್ಲ, ಅರ್ಧ ನಂದೂ ಆಗ್ಬೌದು" ಎಂದ ಕೆಂಚಪ್ಪ.

ಮಲ್ಲಿಕಾರ್ಜುನಯ್ಯ ಯಾರ ಕಡೆಗೂ ನೋಡಲಿಲ್ಲ. ನೇರವಾಗಿ ಚೀಲಗಳ ರಾಶಿಯ ಹತ್ತಿರ ಹೋಗಿ, "ಅವ್ರವ್ರ ಚೀಲ ಅವ್ರವ್ರು ತಗೊಳ್ಳಿ" ಎಂದರು. ದನಿ ಸಣ್ಣಗಿತ್ತು, ಆದ್ದರಿಂದ ಎಲ್ಲರೂ ಕೇಳಿದರು. ತಮ್ಮ ಹೆಗಲಿಗೆ ಹಗ್ಗ, ಪೆಟ್ಟಿಗೆ, ಛತ್ರಿ ಹಾಕಿಕೊಂಡರು. ಕೊನೆಗೆ ಕುರ್ಚಿಯ ಪಟ್ಟಿಯನ್ನು ಎಡಭುಜಕ್ಕೆ ತಗುಲಿಸಿಕೊಂಡು, ಅದು ಎಲ್ಲಿ ಕೂರುತ್ತದೆ, ಎಲ್ಲಿ ಉಜ್ಜುತ್ತದೆ ಎಂದು ಸರಿಯಾಗಿ ತಿಳಿದುಕೊಂಡರು.

ಹಾಗೆಯೇ ಬೋರಮ್ಮನ ಎದುರು ಹೋಗಿ ನಿಂತರು.

"ಬೋರಮ್ಮ, ನಿನ್ ಮಗನ್ ಭುಜದಲ್ಲಿ ಗಾಯ ಆಗಿದೆ. ಹೇಳ್ಲಾ ಅಂತ ಅವನ್ನೇ ಕೇಳ್ದೆ, ಹೇಳಿ ಅಂದ. ಮ್ಯಾಲಿಂದು ನನ್ ಕುರ್ಚೀದು. ಕೆಳಗಿಂದು ನಮ್ಮೆಲ್ರ ಚೀಲದ್ದು."

ಬೋರಮ್ಮ ಮಗನ ಟವೆಲು ಸರಿಸಿ ನೋಡಿದಳು. ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆವು. ಬಯ್ಯಲಿಲ್ಲ, ಅದು ಇನ್ನೂ ಕಷ್ಟವಾಯಿತು. "ನಡಿ ಮನೀಗೆ" ಎಂದು ಮಗನ ಕೈ ಹಿಡಿದಳು.

ತಿಮ್ಮರಾಜು ಮಲ್ಲಿಕಾರ್ಜುನಯ್ಯನವರ ಮುಖ ನೋಡಿದ.

"ಇನ್ನೂ ಒಂದ್ ಮಾತು ಹೇಳ್ಬೇಕು ಅಂದಿದಾನೆ" ಎಂದರು ಮಲ್ಲಿಕಾರ್ಜುನಯ್ಯ. "ಕಳ್ಸಲೇಬೇಕು ಅಂತ ಹೇಳಿ ಅಂದ. ನನ್ ಮ್ಯಾಲೆ ನಂಬ್ಕೆ ಇಡು ಅನ್ನಲ್ಲ ಬೋರಮ್ಮ, ಆ ಮುಖ ನಂಗಿಲ್ಲ. ಏನ್ ಬೇಕು ಅಂತ ಅವನ್ನೇ ಕೇಳು. ಒಂಚೂರು ಕಾಯ್ಬೇಕು, ಹೇಳ್ತಾನೆ."

ಬೋರಮ್ಮ ಕೇಳಲಿಲ್ಲ, ಆದರೆ ಹೊರಡಲೂ ಇಲ್ಲ. ಎಲ್ಲರೂ ಕಾದೆವು. ಅಷ್ಟು ಜನ ಬಾಯಿ ಮುಚ್ಚಿ ನಿಂತದ್ದನ್ನು ನಮ್ಮ ತಾಲೂಕಿನಲ್ಲಿ ನಾನು ಕಂಡಿಲ್ಲ.

"ಮುಂದೆ ನಡೀಬೇಕು" ಎಂದ ತಿಮ್ಮರಾಜು.

ಇಷ್ಟು ವರ್ಷ ಎಲ್ಲರ ಭಾರ ಹೊತ್ತು ಅವನು ಯಾವಾಗಲೂ ಸಾಲಿನ ಕೊನೆಯಲ್ಲೇ ಇರುತ್ತಿದ್ದ. ಮುಂದಿನವರ ಬೆನ್ನು ಬಿಟ್ಟು ಗುಡ್ಡವನ್ನೇ ಅವನು ನೋಡಿರಲಿಲ್ಲ. ಬೋರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಹೋಗ್ಲಿ. ಅವ್ನ್ ಕೈಲಿ ನೀರಿನ್ ಬಾಟ್ಲಿ ಬಿಟ್ಟು ಇನ್ನೇನಾದ್ರೂ ಕಂಡ್ರೆ ನಿಮ್ಮೆಲ್ರುನ್ನೂ ಕೆರೇಗೆ ಹಾಕ್ತೀನಿ" ಎಂದಳು. ನಂಬುವ ಮಾತಾಗಿತ್ತು.

ತಿಮ್ಮರಾಜು ಮುಂದೆ ನಡೆದ. ಅವನ ಹಿಂದೆ ಹಗ್ಗವಿಲ್ಲದೆ ಇಂಪನಾ ಮತ್ತು ಮಕ್ಕಳು, ಅವರ ಹಿಂದೆ ಮೊದಲ ಬಾರಿಗೆ ತಮ್ಮ ಚೀಲ ತಾವೇ ಹೊತ್ತು ಏದುಸಿರು ಬಿಡುವ ದೊಡ್ಡವರು. ಎಲ್ಲರಿಗಿಂತ ಹಿಂದೆ ಜಾಕೆಟ್ಟು, ಪೆಟ್ಟಿಗೆ, ಛತ್ರಿ, ಕುರ್ಚಿಗಳ ಅಡಿಯಲ್ಲಿ ಎಲ್ಲೋ ಮಲ್ಲಿಕಾರ್ಜುನಯ್ಯ. ನಾನು ಹಿಡಿಯಲೇ ಎಂದೆ. ಬೇಡ ಎಂದರು. ಅದು ನನಗೂ ಅನುಕೂಲವೇ ಆಯಿತು.

ಅರ್ಧ ಗುಡ್ಡಕ್ಕೆ ಬರುವಷ್ಟರಲ್ಲಿ ಅವರ ಮುಖ ಜಾಕೆಟ್ಟಿನ ಬಣ್ಣಕ್ಕೆ ತಿರುಗಿತ್ತು. ಒಂದು ಬಂಡೆಗೆ ಒರಗಿ ನಿಂತುಬಿಟ್ಟರು. ಆಗ ಮೇಲಿನಿಂದ ತಿಮ್ಮರಾಜು ಇಳಿದು ಬಂದ.

"ಮುಂದೆ ಹೋಗ್ಬೇಕು ಅಂದ್ಯಲ್ಲಪ್ಪ, ಯಾಕ್ ಬಂದೆ?" ಎಂದರು ಮಲ್ಲಿಕಾರ್ಜುನಯ್ಯ.

ತಿಮ್ಮರಾಜು ಮಾತು ಹುಡುಕಿದ. ಅವರು ಕಾದರು. "ಹೋದೆ. ಚೆನ್ನಾಗಿದೆ. ನೀವ್ ಒಬ್ರೇ ಇದ್ರಿ" ಎಂದ.

ಕುರ್ಚಿಗೆ ಕೈ ಹಾಕಿದ. "ಬೇಡಪ್ಪ, ನಿಮ್ಮಮ್ಮ ನನ್ನ ಕೆರೇಗ್ ಹಾಕ್ತಾಳೆ" ಎಂದು ಮಲ್ಲಿಕಾರ್ಜುನಯ್ಯ ಬಿಗಿಯಾಗಿ ಹಿಡಿದುಕೊಂಡರು. ತಿಮ್ಮರಾಜು ಹೊರಲಿಲ್ಲ. ಪಟ್ಟಿಯನ್ನು ಅವರ ಭುಜದಿಂದ ನಿಧಾನವಾಗಿ ಬಿಡಿಸಿ, ಕುರ್ಚಿಯನ್ನು ಅಲ್ಲೇ ಬಂಡೆಯ ನೆರಳಿನಲ್ಲಿ ಬಿಚ್ಚಿ ಇಟ್ಟು, ಟವೆಲಿನಿಂದ ಒರೆಸಿ, "ಕೂತ್ಕೊಳ್ಳಿ" ಎಂದ. ತನ್ನ ಬಾಟಲಿಯ ನೀರು ಕೊಟ್ಟ. ಮೇಲಿನಿಂದ ಇಂಪನಾ ಕೂಗುತ್ತಿದ್ದಳು, ಅವನು ಬರ್ತೀನಿ ಎಂದು ಕೈಯಾಡಿಸಿ, ಅವರ ಏದುಸಿರು ಇಳಿಯುವ ತನಕ ಪಕ್ಕದಲ್ಲಿಯೇ ನಿಂತಿದ್ದ.

ಕುರ್ಚಿಯನ್ನು ಅಲ್ಲಿಂದ ಯಾರೂ ಕೆಳಗೆ ತರಲಿಲ್ಲ. ಇವತ್ತಿಗೂ ಅದು ಅರ್ಧ ಗುಡ್ಡದಲ್ಲಿ, ಅದೇ ಬಂಡೆಯ ಪಕ್ಕದಲ್ಲಿ ಇದೆ. ಹತ್ತಲಾರದೆ ದಣಿದವರು ಯಾರು ಬೇಕಾದರೂ ಕೂರಬಹುದು. ನಾನೂ ಕೂತಿದ್ದೇನೆ, ಕಾಡಸಿದ್ದಪ್ಪನವರೂ ಕೂತಿದ್ದಾರೆ, ಬೋರಮ್ಮನೂ ಒಮ್ಮೆ ಬಂದು ಕೂತು, ಮಗ ಮುಂದೆ ನಡೆಯುವುದನ್ನು ನೋಡಿಕೊಂಡು ಹೋದಳು. ಆದರೆ ಆ ಕುರ್ಚಿಯಲ್ಲಿ ಮೊಟ್ಟಮೊದಲು ಕೂತ ದುರ್ಬಲ ವಯಸ್ಕರು ಮಾತ್ರ ನಮ್ಮ ರಕ್ಷಣಾಧಿಕಾರಿಗಳೇ.